ಬ್ರಿಟನ್ನಿನ ಕಾಲುದಾರಿ ಕ್ರಾಸಿಂಗ್‌ಗಳಲ್ಲಿ ರೈಲಿನ ಫೋಟೊ: ಪದೇ ಪದೇ ಕೇಳುವ ಪ್ರಶ್ನೆಗಳು

ಓದಲು, ಕೆಲಸಕ್ಕೆ, ಮಗಳ ಬಾಣಂತನಕ್ಕೆ ಎಂದು ಬ್ರಿಟನ್ನಿಗೆ ಹೋದ ಕನ್ನಡಿಗರಲ್ಲಿ ರೈಲಿನ ಹುಚ್ಚು ಹಿಡಿದವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಹೊಲದ ನಡುವಿನ ಕಾಲುದಾರಿ ಎಷ್ಟೋ ಕಡೆ ನೇರವಾಗಿ ಹಳಿಯನ್ನೇ ದಾಟಿಕೊಂಡು ಹೋಗುತ್ತದೆ. ಗೇಟ್‌ಮನ್ ಇಲ್ಲ, ಗಂಟೆ ಇಲ್ಲ, ಇಳಿಯುವ ಕಂಬ ಇಲ್ಲ. ಅಂಥ ಕಡೆ ಕ್ಯಾಮೆರಾ ಹಿಡಿದು ನಿಲ್ಲುವವರು ಮಾತಿನಲ್ಲಿ, ಪತ್ರದಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕಾನೂನಿನ ಮಾತು ಇಂಗ್ಲೆಂಡ್ ಮತ್ತು ವೇಲ್ಸಿನದು. ಸ್ಕಾಟ್ಲೆಂಡಿಗೆ ಬೇರೆ ಪ್ರಶ್ನೆಯೇ ಇದೆ.

## ಮೊದಲು ತಿಳಿಯಬೇಕಾದದ್ದು

ಫುಟ್‌ಪಾತ್ ಕ್ರಾಸಿಂಗ್ ಅಂದ್ರೆ ನಮ್ಮೂರಿನ ರೈಲ್ವೆ ಗೇಟ್ ಥರಾನೇ ಅಲ್ವಾ?

ಅಲ್ಲ. ನಮ್ಮ ರೈಲ್ವೆ ಗೇಟಿನಲ್ಲಿ ರೈಲು ಬರುವ ಹೊತ್ತಿಗೆ ಯಾರೋ ನಿಮ್ಮನ್ನು ತಡೆಯುತ್ತಾರೆ. ಫುಟ್‌ಪಾತ್ ಕ್ರಾಸಿಂಗಿನಲ್ಲಿ ನಿಮ್ಮನ್ನು ನೀವೇ ತಡೆದುಕೊಳ್ಳಬೇಕು. ಬೇಲಿಯಲ್ಲಿ ಒಂದು ಚಿಕ್ಕ ಗೇಟು ಇರುತ್ತದೆ, ಇಲ್ಲವೇ ಮಲೆನಾಡಿನ ತಡಮೆಯನ್ನೇ ಹೋಲುವ ಮರದ ಮೆಟ್ಟಿಲು ಇರುತ್ತದೆ. ದನಕರು ದಾಟಬಾರದು, ಮನುಷ್ಯ ದಾಟಬೇಕು ಎನ್ನುವ ಉಪಾಯ ಎರಡೂ ಕಡೆ ಒಂದೇ. ಅದರ ಪಕ್ಕದಲ್ಲಿ ‘ನಿಲ್ಲಿ, ನೋಡಿ, ಆಲಿಸಿ, ರೈಲಿದೆ ಎಚ್ಚರಿಕೆ’ ಎಂಬರ್ಥದ ಫಲಕ. ಹಳಿಗಳ ನಡುವೆ ನಡೆಯಲು ಮರದ ಅಥವಾ ರಬ್ಬರಿನ ಹಾಸು. ಬಹುತೇಕ ಕಡೆ ಇರುವುದು ಇಷ್ಟೇ.

ಕೆಲವು ಕಡೆ ಪುಟ್ಟ ಕೆಂಪು, ಹಸಿರು ದೀಪಗಳಿರುತ್ತವೆ. ಬ್ರಿಟನ್ನಿನ ಮುಖ್ಯ ರೈಲು ಜಾಲದಲ್ಲಿ ಎಲ್ಲ ಬಗೆಯ ಲೆವೆಲ್ ಕ್ರಾಸಿಂಗ್‌ಗಳು ಸೇರಿ ಸುಮಾರು 6,000 ಇವೆ. ಅವುಗಳಲ್ಲಿ ದೊಡ್ಡ ಪಾಲು ಇಂಥ ಕಾಲುದಾರಿಗಳದ್ದು.

ಅಲ್ಲಿ ನಿಂತು ರೈಲಿನ ಫೋಟೊ ತೆಗೆದ್ರೆ ತಪ್ಪಾ?

ತಪ್ಪಲ್ಲ. ಸಾರ್ವಜನಿಕ ಜಾಗದಲ್ಲಿ ನಿಂತು ಕಣ್ಣಿಗೆ ಕಾಣುವುದನ್ನು ಚಿತ್ರ ತೆಗೆಯಲು ಬ್ರಿಟನ್ನಿನಲ್ಲಿ ಯಾರ ಅನುಮತಿಯೂ ಬೇಡ. ರೈಲಿಗೂ ಅದೇ ಮಾತು. ಆದರೆ ಗೇಟಿನ ಒಳಗೆ, ಹಳಿಯ ಮೇಲೆ ನಿಮಗಿರುವುದು ದಾಟುವ ಹಕ್ಕು ಮಾತ್ರ, ನಿಲ್ಲುವ ಹಕ್ಕಲ್ಲ. ಆ ನೆಲ ರೈಲ್ವೆಯದು. ಅದರ ಮೇಲೆ ಹಾದುಹೋಗಲು ಸಾರ್ವಜನಿಕರಿಗೆ ದಾರಿ ಬಿಟ್ಟಿದ್ದಾರೆ. ಹಾಸಿನ ನಡುವೆ ನಿಂತು ಎರಡು ಹಳಿಗಳು ದೂರದಲ್ಲಿ ಕೂಡುವ ಚಿತ್ರ ತೆಗೆಯುವವರು ಈ ಗೆರೆಯನ್ನು ದಾಟಿದವರು. ಸುತ್ತ ಎಲ್ಲೂ ರೈಲು ಕಾಣದಿದ್ದರೂ ಅದು ತಪ್ಪೇ. ಈ ಪುಟದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಕ್ಯಾಮೆರಾದ ಜಾಗ ಗೇಟಿನ ಹೊರಗೆ.

ಸರಿ, ಹಾಗಾದ್ರೆ ಎಲ್ಲಿ ನಿಲ್ಲಬೇಕು? ಜಾಗ ತೋರಿಸಿದ ಹಾಗೆ ಹೇಳಿ

ಗೇಟಿನಿಂದ ಹೊರಗೆ, ಬೇಲಿಯ ಹೊಲದ ಬದಿಯಲ್ಲಿ, ದಾರಿಯ ಒಂದು ಪಕ್ಕಕ್ಕೆ. ಗೇಟಿಗೆ ಅಡ್ಡವಾಗಿ ಬೇಡ, ಹಿಂದಿನಿಂದ ಬರುವವರು ನಿಮ್ಮನ್ನು ಸರಿಸಿಕೊಂಡು ಹೋಗುವಂತಾಗಬಾರದು. ಎದುರಿನಿಂದ ದಾಟಿ ಬರುವವರಿಗೆ ಇದು ಇನ್ನೂ ಮುಖ್ಯ: ಹಳಿ ದಾಟಿ ಬಂದವರು ತಡವಿಲ್ಲದೆ ಗೇಟಿನ ಹೊರಗೆ ಬರಬೇಕು. ಅಲ್ಲಿ ನಿಮ್ಮ ಬ್ಯಾಗು ಬಿದ್ದಿದ್ದರೆ ಅವರು ಹಳಿಯ ಬದಿಯಲ್ಲೇ ನಿಲ್ಲಬೇಕಾಗುತ್ತದೆ.

ಗೇಟಿನ ಒಳಗೆ ‘ನಿರ್ಧಾರದ ಜಾಗ’ ಎನ್ನುವುದೊಂದಿದೆ. ಹತ್ತಿರದ ಹಳಿಯಿಂದ ಕನಿಷ್ಠ 2 ಮೀಟರ್, ರೈಲಿನ ವೇಗ ಗಂಟೆಗೆ 100 ಮೈಲಿಗಿಂತ ಹೆಚ್ಚಿರುವಲ್ಲಿ 3 ಮೀಟರ್ ದೂರದಲ್ಲಿ ನಿಂತು ಎರಡೂ ಕಡೆ ನೋಡುವ ಸ್ಥಳ ಅದು. ಅದು ದಾಟುವವರ ಜಾಗ, ಫೋಟೊ ತೆಗೆಯುವವರದ್ದಲ್ಲ. ಅಲ್ಲಿ ಯಾರಾದರೂ ಸುಮ್ಮನೆ ನಿಂತಿರುವುದನ್ನು ಕಂಡ ಡ್ರೈವರಿಗೆ, ಈತ ಈಗ ಹಳಿಗೆ ಕಾಲಿಡುತ್ತಾನೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಹಾರ್ನ್ ಹೊಡೆಯುತ್ತಾರೆ, ಬೇಕೆನಿಸಿದರೆ ತುರ್ತು ಬ್ರೇಕನ್ನೂ ಹಾಕುತ್ತಾರೆ. ಎಷ್ಟೋ ದಿನ ನಿದ್ದೆಗೆಡುವ ಅನುಭವ ಅದು. ನಾವು ಪ್ರೀತಿಸುವ ರೈಲನ್ನು ಓಡಿಸುವ ಮನುಷ್ಯನಿಗೆ ಹಾಗೆ ಮಾಡಬಾರದು.

ಮ್ಯಾಪಿನಲ್ಲಿ ದಾರಿ ಕಾಣುತ್ತೆ. ಅದು ಸಾರ್ವಜನಿಕ ದಾರಿಯೇ ಅಂತ ಹೇಗೆ ಗೊತ್ತಾಗಬೇಕು?

ಫೋನಿನ ಮಾಮೂಲಿ ಮ್ಯಾಪನ್ನು ನಂಬಬೇಡಿ. ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:25,000 ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಸಾರ್ವಜನಿಕ ಕಾಲುದಾರಿ ಹಸಿರು ತುಂಡುಗೆರೆಯಾಗಿ ಕಾಣುತ್ತದೆ. ಕುದುರೆ ಸವಾರರೂ ಬಳಸುವ ದಾರಿಗೆ ಉದ್ದನೆಯ ಹಸಿರು ತುಂಡುಗಳು. ಕಿತ್ತಳೆ ಬಣ್ಣದ ತುಂಡುಗೆರೆ ಜಮೀನಿನವರು ಒಪ್ಪಿ ಬಿಟ್ಟುಕೊಟ್ಟ ದಾರಿ, ಅವರು ಬೇಕೆಂದಾಗ ಮುಚ್ಚಬಹುದು. ಕಾನೂನಿನ ಕೊನೆಯ ಮಾತು ಆಯಾ ಕೌಂಟಿಯ ಸ್ಥಳೀಯ ಆಡಳಿತ ಇಟ್ಟುಕೊಂಡಿರುವ ಅಧಿಕೃತ ನಕ್ಷೆಯದು.

ರೈತರ ಟ್ರ್ಯಾಕ್ಟರ್ ಹಾಯಲು ಇರುವ ಅಗಲವಾದ ಗೇಟುಗಳು ಬಹಳ ಕಡೆ ಖಾಸಗಿ. ನೋಡಲು ಕಾಲುದಾರಿಯ ಹಾಗೇ ಇದ್ದರೂ ಅಲ್ಲಿ ನಿಮಗೆ ದಾಟುವ ಹಕ್ಕೂ ಇಲ್ಲ. ಇಂಥ ಗೇಟುಗಳ ಮೇಲೆ ಮುಚ್ಚದೆ ಬಿಟ್ಟರೆ 1,000 ಪೌಂಡ್ ದಂಡ ಎಂಬ ಫಲಕವೂ ಇರುತ್ತದೆ.

## ದಾಟುವಾಗ

ದಾಟುವ ಸರಿಯಾದ ಕ್ರಮ ಹೇಳಿ

ಗೇಟಿಗೆ ಬರುವ ಮೊದಲೇ ಕಿವಿಯಿಂದ ಇಯರ್‌ಫೋನ್ ತೆಗೆಯಿರಿ, ಜಾಕೆಟ್ಟಿನ ಟೊಪ್ಪಿ ಹಿಂದಕ್ಕೆ ಹಾಕಿ. ಚಳಿಗೆ ಹಾಕಿದ ಟೊಪ್ಪಿ ಕಿವಿಯನ್ನಷ್ಟೇ ಅಲ್ಲ, ಕಣ್ಣಿನ ಬದಿಯನ್ನೂ ಮುಚ್ಚುತ್ತದೆ. ಕ್ಯಾಮೆರಾ ಕುತ್ತಿಗೆಗೆ ಅಥವಾ ಬ್ಯಾಗಿಗೆ, ಟ್ರೈಪಾಡ್ ಮಡಿಸಿ ಕೈಗೆ. ನಾಯಿ ಇದ್ದರೆ ಹಗ್ಗ, ಮಗು ಇದ್ದರೆ ಕೈ. ಸೈಕಲ್ ಇದ್ದರೆ ಇಳಿದು ತಳ್ಳಿಕೊಂಡೇ ಹೋಗಬೇಕು. ನಿರ್ಧಾರದ ಜಾಗದಲ್ಲಿ ನಿಂತು ಎರಡೂ ಕಡೆ ನೋಡಿ, ಆಲಿಸಿ, ಮೊದಲು ನೋಡಿದ ಕಡೆ ಇನ್ನೊಮ್ಮೆ ನೋಡಿ. ಏನೂ ಇಲ್ಲವೆಂದು ಖಚಿತವಾದರೆ ಹಾಸಿನ ಮೇಲೆಯೇ ನೇರವಾಗಿ, ಓಡದೆ, ನಿಲ್ಲದೆ ದಾಟಿ. ಗೇಟು ಮುಚ್ಚಿ. ದೀಪವಿರುವ ಕಡೆ ಕೆಂಪು ಇರುವಷ್ಟು ಹೊತ್ತು ಕಾಯಲೇಬೇಕು.

ಮಂಜು ಕವಿದ ದಿನ ದೀಪವಿಲ್ಲದ ಕ್ರಾಸಿಂಗನ್ನು ಬಿಟ್ಟು ಹತ್ತಿರದ ಸೇತುವೆ ಹುಡುಕಿ. ಅಲ್ಲಿನ ಏರ್ಪಾಡೆಲ್ಲ ನಿಮ್ಮ ಕಣ್ಣನ್ನೇ ನೆಚ್ಚಿಕೊಂಡಿದೆ. ಕಣ್ಣಿಗೆ ಕಾಣದಿದ್ದರೆ ಉಳಿಯುವುದು ಬರೀ ಗೇಟು.

ರೈಲು ಅಷ್ಟು ದೂರದಲ್ಲಿ ಕಾಣ್ತಾ ಇರುತ್ತೆ. ಬೇಗ ದಾಟಿಬಿಟ್ರೆ ಆಗಲ್ವಾ?

ಲೆಕ್ಕ ಹಾಕಿ ನೋಡೋಣ. ಎರಡು ಹಳಿಗಳಿರುವ ಮಾರ್ಗದಲ್ಲಿ ಈ ಬದಿಯ ನಿರ್ಧಾರದ ಜಾಗದಿಂದ ಆ ಬದಿಯ ಸುರಕ್ಷಿತ ಜಾಗಕ್ಕೆ ಸುಮಾರು 9 ಮೀಟರ್. ಸಾಮಾನ್ಯ ನಡಿಗೆ ಸೆಕೆಂಡಿಗೆ 1.2 ಮೀಟರ್. ಅಂದರೆ ಏಳೂವರೆ ಸೆಕೆಂಡು. ಗಂಟೆಗೆ 100 ಮೈಲಿ, ಅಂದರೆ 160 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ 44.7 ಮೀಟರ್ ಓಡುತ್ತದೆ. ನೀವು ದಾಟಿ ಮುಗಿಸುವಷ್ಟರಲ್ಲಿ ಅದು 335 ಮೀಟರ್ ಬಂದಿರುತ್ತದೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ, ಕೈಯಲ್ಲಿ ಮಗು ಇದ್ದರೆ, ಹಾಸಿನ ಮೇಲೆ ಹಿಮ ಕಟ್ಟಿದ್ದರೆ ಇನ್ನರ್ಧ ಸಮಯ ಸೇರಿಸಿ. ಆಗ 500 ಮೀಟರ್ ಆಯಿತು.

ಎದುರಿನಿಂದ ಬರುವ ರೈಲಿನ ವೇಗವನ್ನು ಅಳೆಯಲು ಮನುಷ್ಯನ ಕಣ್ಣಿಗೆ ಬಾರದು. ಅದು ಪಕ್ಕಕ್ಕೆ ಸರಿಯುವುದಿಲ್ಲ, ಇದ್ದಲ್ಲೇ ಸ್ವಲ್ಪ ಸ್ವಲ್ಪ ದೊಡ್ಡದಾಗುತ್ತದೆ. ಕೊನೆಯ ಎರಡು ಮೂರು ಸೆಕೆಂಡಿನಲ್ಲಿ ಮಾತ್ರ ಧುತ್ತೆಂದು ಬೆಳೆಯುತ್ತದೆ. ಉದ್ದನೆಯ ಲೆನ್ಸಿನಲ್ಲಿ ನೋಡುತ್ತಿದ್ದವರಿಗೆ ದೂರದ ಅಂದಾಜು ಇನ್ನಷ್ಟು ತಪ್ಪುತ್ತದೆ. ರೈಲು ಕಂಡಿತೆಂದರೆ ದಾಟಬೇಡಿ. ಹೇಗೂ ಅದರ ಫೋಟೊ ತೆಗೆಯುವುದಕ್ಕೇ ಬಂದಿರುತ್ತೀರಿ.

ಆ್ಯಪ್ ಪ್ರಕಾರ ಮುಂದಿನ ರೈಲಿಗೆ ಇನ್ನೂ 20 ನಿಮಿಷ ಇದೆ. ಅಷ್ಟರಲ್ಲಿ ಹಳಿ ಹತ್ತಿರ ಹೋಗಿ ಬರಬಹುದಲ್ಲ?

ಯಾವ ರೈಲಿಗೆ ಕಾಯಬೇಕು ಎಂದು ತಿಳಿಯಲು ರಿಯಲ್‌ಟೈಮ್ ಟ್ರೇನ್ಸ್‌ನಂಥ ತಾಣಗಳು ಬಹಳ ಒಳ್ಳೆಯವು, ಗೂಡ್ಸ್ ಗಾಡಿಗಳ ವೇಳೆಯೂ ಸಿಗುತ್ತದೆ. ಹಳಿ ಖಾಲಿ ಇದೆಯೇ ಎಂದು ತಿಳಿಯಲು ಮಾತ್ರ ಅವು ಎಂದೂ ಅಲ್ಲ. ಒಂಟಿ ಎಂಜಿನ್ನು, ಹಳಿ ಪರೀಕ್ಷಿಸುವ ಗಾಡಿ, ವೇಳೆಗೆ ಮುಂಚೆ ಬಂದ ಗೂಡ್ಸ್, ಬೇರೆ ಮಾರ್ಗದಿಂದ ತಿರುಗಿಸಿದ ರೈಲು, ಇವೆಲ್ಲ ಪರದೆಯಲ್ಲಿ ಕಾಣದೆಯೂ ಬರಬಹುದು. ಎರಡೂ ದಿಕ್ಕಿಗೆ ಓಡಿಸಬಹುದಾದ ಹಳಿಗಳೂ ಇವೆ, ‘ಈ ಹಳಿಯಲ್ಲಿ ಆ ಕಡೆಯಿಂದ ಮಾತ್ರ ಬರುತ್ತದೆ’ ಎಂಬ ನಂಬಿಕೆ ಅಲ್ಲಿ ಕೈಕೊಡುತ್ತದೆ.

ಒಂದು ರೈಲು ಹೋಯ್ತು ಅಂದ್ಮೇಲೆ ದಾಟಬಹುದು ತಾನೆ?

ತಡೆಯಿರಿ. ಅತಿ ಹೆಚ್ಚು ಎಚ್ಚರ ಬೇಕಾದ ಗಳಿಗೆ ಅದೇ. 2005ರ ಡಿಸೆಂಬರ್ 3ರಂದು ಎಸೆಕ್ಸ್‌ನ ಎಲ್ಸೆನ್‌ಹ್ಯಾಮ್ ನಿಲ್ದಾಣದ ಕಾಲುದಾರಿ ಕ್ರಾಸಿಂಗಿನಲ್ಲಿ 13 ಮತ್ತು 14 ವರ್ಷದ ಇಬ್ಬರು ಹುಡುಗಿಯರು ಹೀಗೇ ತೀರಿಕೊಂಡರು. ಒಂದು ರೈಲು ಹಾದುಹೋದ ಮೇಲೆ ಕೇಂಬ್ರಿಡ್ಜಿಗೆ ಹೋಗುವ ತಮ್ಮ ರೈಲು ಹಿಡಿಯಲು ಹಳಿಗಿಳಿದರು. ಇನ್ನೊಂದು ರೈಲು ಬರುತ್ತಿತ್ತು. ಕೆಂಪು ದೀಪ ಉರಿಯುತ್ತಲೇ ಇತ್ತು. ಆ ಕ್ರಾಸಿಂಗಿನ ಸುರಕ್ಷತಾ ಲೋಪಗಳಿಗಾಗಿ, ಹಳಿಗಳ ಉಸ್ತುವಾರಿ ಹೊತ್ತ ನೆಟ್‌ವರ್ಕ್ ರೈಲ್ ಸಂಸ್ಥೆ ತಪ್ಪೊಪ್ಪಿಕೊಂಡು 2012ರಲ್ಲಿ 10 ಲಕ್ಷ ಪೌಂಡ್ ದಂಡ ತೆತ್ತಿತು.

ಮೊದಲ ರೈಲು ಹೋಗುತ್ತಿರುವಾಗ ಅದರ ಸದ್ದು ಎರಡನೆಯದರ ಸದ್ದನ್ನು ನುಂಗುತ್ತದೆ, ಅದರ ಡಬ್ಬಿಗಳು ಆಚೆಯ ಹಳಿಯನ್ನು ಮರೆಮಾಡುತ್ತವೆ. ಮೊದಲ ರೈಲಿನ ಕೊನೆಯ ಡಬ್ಬಿ ದೂರ ಸರಿದು ಎರಡೂ ಹಳಿಗಳು ಪೂರ್ತಿ ಕಾಣುವ ತನಕ ಕಾಯಿರಿ. ಆಮೇಲೆ ನೋಡುವ ಕ್ರಮವನ್ನು ಮೊದಲಿನಿಂದ ಮಾಡಿ. ಈಗಷ್ಟೇ ತೆಗೆದ ಚಿತ್ರ ಹೇಗೆ ಬಂದಿದೆಯೆಂದು ಕ್ಯಾಮೆರಾದ ಪರದೆ ನೋಡುತ್ತ ಹೆಜ್ಜೆ ಹಾಕುವುದು ಫೋಟೊ ತೆಗೆಯುವವರಿಗೇ ಅಂಟಿದ ಚಾಳಿ. ಅದನ್ನು ಗೇಟಿನ ಹೊರಗೇ ಮುಗಿಸಿ.

ಹಾರ್ನ್ ಹೊಡೆಯಲ್ವಾ?

ಎಲ್ಲ ಕಡೆ ಇಲ್ಲ. ನೋಟ ಸಾಲದ ಕ್ರಾಸಿಂಗ್‌ಗಳಿಗೆ ಮಾತ್ರ ಹಳಿಯ ಪಕ್ಕ ಹಾರ್ನ್ ಫಲಕ ನೆಟ್ಟಿರುತ್ತಾರೆ. ಅಲ್ಲಿಯೂ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರ ತನಕ ಅಕ್ಕಪಕ್ಕದ ಮನೆಯವರ ನಿದ್ದೆಗಾಗಿ ಸಾಮಾನ್ಯವಾಗಿ ಹಾರ್ನ್ ಇಲ್ಲ. ಬೇಸಿಗೆಯಲ್ಲಿ ಬೆಳಗಿನ ಜಾವ ನಾಲ್ಕೂವರೆ ಐದಕ್ಕೇ ಬೆಳಕು ಹರಿಯುತ್ತದೆ, ಒಳ್ಳೆಯ ಬೆಳಕಿಗೆಂದು ಹೋಗುವವರು ಈ ಮೌನದ ಹೊತ್ತಿನಲ್ಲೇ ಅಲ್ಲಿರುತ್ತಾರೆ. ವಿದ್ಯುತ್ ರೈಲುಗಳು ಎದುರು ಗಾಳಿಯಿದ್ದರೆ ತೀರಾ ಹತ್ತಿರ ಬರುವ ತನಕ ಕೇಳಿಸುವುದೂ ಇಲ್ಲ.

ಕರೆಂಟಿನ ಭಯ ಇದೆಯಾ?

ಇದೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಹಾರಿ ಹೊಡೆಯುತ್ತದೆ. ನಿಮ್ಮ ಮೈ, ಕೋಲು, ಟ್ರೈಪಾಡ್ ಏನೇ ಇರಲಿ, ತಂತಿಯಿಂದ 3 ಮೀಟರ್ ದೂರ ಇರಬೇಕು. ಲಂಡನ್ನಿನ ದಕ್ಷಿಣಕ್ಕೂ ಲಿವರ್‌ಪೂಲ್ ಸುತ್ತಲೂ ಓಡುವ ಬಹಳಷ್ಟು ಮಾರ್ಗಗಳಲ್ಲಿ ತಂತಿಯಿಲ್ಲ, ನೆಲದ ಮಟ್ಟದಲ್ಲೇ ಮೂರನೆಯ ಹಳಿ, ಅದರಲ್ಲಿ 750 ವೋಲ್ಟ್. ದಾಟುವ ಹಾಸಿರುವಷ್ಟು ಅಗಲಕ್ಕೆ ಆ ಹಳಿಯನ್ನು ತುಂಡರಿಸಿರುತ್ತಾರೆ. ಹಾಸಿನಿಂದ ಕೆಲವೇ ಹೆಜ್ಜೆ ಆಚೆ ಅದು ಮತ್ತೆ ಶುರು. ರೈಲು ಇಲ್ಲದಾಗಲೂ ಅದರಲ್ಲಿ ಕರೆಂಟ್ ಇರುತ್ತದೆ.

## ಕ್ಯಾಮೆರಾ ಕೈಗೆತ್ತಿಕೊಂಡಾಗ

ಬೇಲಿ ಅಡ್ಡ ಬರುತ್ತೆ. ಏಣಿ, ಟ್ರೈಪಾಡ್, ಸೆಲ್ಫಿ ಕೋಲು ಬಳಸಬಹುದಾ?

ಟ್ರೈಪಾಡನ್ನು ಗೇಟಿನ ಹೊರಗೆ, ದಾರಿಗೆ ಅಡ್ಡವಾಗದಂತೆ ನಿಲ್ಲಿಸಬಹುದು. ಕಂಟೇನರ್ ಹೊತ್ತ ಗೂಡ್ಸ್ ಗಾಡಿ ಹಾದಾಗ ಏಳುವ ಗಾಳಿ ಹಗುರವಾದ ಟ್ರೈಪಾಡನ್ನು ಕೆಡವಿಬಿಡುತ್ತದೆ, ಬ್ಯಾಗನ್ನು ಅದರ ನಡುಗಂಬಕ್ಕೆ ತೂಗುಹಾಕಿ, ಪಟ್ಟಿ ಕೈಗೆ ಸುತ್ತಿಕೊಳ್ಳಿ. ಒಂಟಿ ಕಾಲಿನ ಮೊನೊಪಾಡ್ ಎಷ್ಟೋ ವಾಸಿ. ಬೇಲಿ ಅಡ್ಡ ಬಂದರೆ ಎರಡು ಹೆಜ್ಜೆ ಹಿಂದೆ ಸರಿದು ಲೆನ್ಸನ್ನು 85ರಿಂದ 135 ಮಿಲಿಮೀಟರ್‌ಗೆ ಹಿಗ್ಗಿಸಿ ನೋಡಿ. ಬಹಳ ಸಲ ಗೇಟೂ ಫಲಕವೂ ಚಿತ್ರದೊಳಕ್ಕೆ ಬಂದು, ಬರೀ ರೈಲಿಗಿಂತ ಚಂದದ ಚಿತ್ರವಾಗುತ್ತದೆ. ಬೇಲಿ ಹತ್ತುವುದು, ಬೇಲಿಯಾಚೆ ಕೋಲು ಚಾಚುವುದು ಬೇಡವೇ ಬೇಡ. ತಂತಿಯಿರುವ ಮಾರ್ಗದಲ್ಲಿ ಏಣಿಯೂ ಬೇಡ, ಉದ್ದನೆಯ ಕೋಲೂ ಬೇಡ. ಕಾರ್ಬನ್ ಫೈಬರ್ ಕೂಡ ವಿದ್ಯುತ್ತನ್ನು ಹಾಯಿಸುತ್ತದೆ.

ಎದ್ದು ಕಾಣೋ ಹಾಗೆ ಕಿತ್ತಳೆ ಜಾಕೆಟ್ ಹಾಕಿಕೊಂಡ್ರೆ ಸೇಫ್ ಅಲ್ವಾ?

ಉದ್ದೇಶ ಒಳ್ಳೆಯದು, ಫಲ ತಿರುಗುಮುರುಗು. ಹೊಳೆಯುವ ಕಿತ್ತಳೆ ಜಾಕೆಟ್ ಹಳಿ ಕೆಲಸಗಾರರ ಸಮವಸ್ತ್ರ. ಅದನ್ನು ಕಂಡ ಡ್ರೈವರ್ ಅಲ್ಲಿ ಕೆಲಸ ನಡೆಯುತ್ತಿದೆ ಎಂದುಕೊಂಡು ಹಾರ್ನ್ ಹೊಡೆದು, ನಿಮ್ಮಿಂದ ಉತ್ತರಕ್ಕೆ ಕೈಸನ್ನೆ ನಿರೀಕ್ಷಿಸುತ್ತಾರೆ. ಆ ಬಣ್ಣದ ಬಟ್ಟೆ ಬೇಡವೆಂದು ನೆಟ್‌ವರ್ಕ್ ರೈಲ್ ಕೂಡ ರೈಲುಪ್ರಿಯರಿಗೆ ಹೇಳಿದೆ.

ಇದಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಇನ್ನೊಂದಿದೆ. ಎರಡೂ ಕೈಗಳನ್ನು ತಲೆಯ ಮೇಲೆತ್ತುವುದು ರೈಲ್ವೆಯ ಸನ್ನೆಯಲ್ಲಿ ‘ಅಪಾಯ, ನಿಲ್ಲಿಸು’. ಜನರ ತಲೆಯ ಮೇಲಿಂದ ತೆಗೆಯಲೆಂದು ಎರಡೂ ಕೈಯಲ್ಲಿ ಫೋನನ್ನು ಮೇಲೆತ್ತಿ ಹಿಡಿದಾಗ ಆಗುವುದು ಅದೇ ಭಂಗಿ. ಖುಷಿಗೆ ಕರವಸ್ತ್ರ ಜೋರಾಗಿ ಬೀಸಿದರೂ ಅದೇ ಅರ್ಥ. ಡ್ರೈವರಿಗೆ ನಮಸ್ಕಾರ ಹೇಳಬೇಕಾದರೆ ಒಂದು ಕೈ, ಎದೆಯ ಮಟ್ಟದಲ್ಲಿ, ಮೆಲ್ಲಗೆ. ತಿರುಗಿ ಕೈಬೀಸುವವರು ಬಹಳ ಜನ.

ಫ್ಲ್ಯಾಷ್ ಬೇಡ. ಫೋಕಸ್‌ಗೆ ಸಹಾಯವಾಗಲೆಂದು ಕ್ಯಾಮೆರಾ ಚೆಲ್ಲುವ ಕೆಂಪು ಬೆಳಕನ್ನೂ ಮೆನುವಿನಲ್ಲಿ ಆರಿಸಿ.

ರೈಲು ಮಸುಕಾಗಿಯೇ ಬರುತ್ತೆ. ಶಟರ್ ಎಷ್ಟಿಡಬೇಕು?

ನೂರು ಮೈಲಿ ವೇಗದ ರೈಲು 1/250 ಸೆಕೆಂಡಿನಲ್ಲಿ 18 ಸೆಂಟಿಮೀಟರ್, 1/1000ದಲ್ಲಿ ನಾಲ್ಕೂವರೆ ಸೆಂಟಿಮೀಟರ್ ಸರಿಯುತ್ತದೆ. ಪಕ್ಕದಿಂದ ತೆಗೆದರೆ ಆ ಸರಿತವೆಲ್ಲ ಚಿತ್ರದಲ್ಲಿ ಬೀಳುತ್ತದೆ. ಹಳಿಗೆ 15 ಡಿಗ್ರಿ ಓರೆಯಲ್ಲಿ, ದೂರದಿಂದ ಬರುತ್ತಿರುವಾಗಲೇ ತೆಗೆದರೆ ಅದರ ಕಾಲು ಭಾಗ ಮಾತ್ರ. ಗೇಟಿನ ಹೊರಗೆ ನಿಂತವರಿಗೆ ಈ ಓರೆ ನೋಟ ತಾನಾಗಿಯೇ ಸಿಗುತ್ತದೆ. 1/1000ದಿಂದ ಶುರುಮಾಡಿ, ಬೆಳಕಿದ್ದರೆ 1/2000ಕ್ಕೆ ಏರಿಸಿ.

ಫೋಕಸನ್ನು ಮೊದಲೇ ಒಂದು ಗುರುತಿಗೆ, ಉದಾಹರಣೆಗೆ 40 ಮೀಟರ್ ಆಚೆಯ ಕಂಬದ ಬುಡಕ್ಕೆ, ಕಟ್ಟಿಡಿ. ರೈಲು ಅಲ್ಲಿಗೆ ಮುಟ್ಟುವ ಮೊದಲೇ ಒಂದರ ಹಿಂದೊಂದು ಚಿತ್ರ ತೆಗೆಯುವ ಸರಣಿ ಶುರುವಾಗಲಿ. ಕ್ಯಾಮೆರಾದ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಎಂಜಿನ್ನಿನ ಮುಖ ಓರೆಯಾಗಿ ವಾಲಿಕೊಳ್ಳುತ್ತದೆ, ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ. ಊರ ಹೆಸರು ತೋರಿಸುವ ಎಲ್‌ಇಡಿ ಫಲಕ ಮಾತ್ರ ವೇಗದ ಶಟರಿನಲ್ಲಿ ಅರ್ಧಂಬರ್ಧ ಬರುತ್ತದೆ. ಅದು ಬೇಕಿದ್ದರೆ ನಿಲ್ದಾಣಕ್ಕೆ ಹೋಗಿ, ನಿಂತ ರೈಲನ್ನು 1/60ರಲ್ಲಿ ತೆಗೆಯುವುದೇ ದಾರಿ.

ಬೆಳಕು ಯಾವ ಕಡೆಯಿಂದ ಚೆನ್ನಾಗಿ ಬರುತ್ತೆ?

ಬೆಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಲಂಡನ್ನಿನಲ್ಲಿ ನಡುಬೇಸಿಗೆಯಲ್ಲೂ 62 ಡಿಗ್ರಿ ದಾಟುವುದಿಲ್ಲ, ಡಿಸೆಂಬರ್ ಮಧ್ಯಾಹ್ನ 15 ಡಿಗ್ರಿ ಎತ್ತರದಲ್ಲಿ, ದಕ್ಷಿಣದಲ್ಲೇ ತೆವಳುತ್ತಾನೆ. ಹಾಗಾಗಿ ಪೂರ್ವ ಪಶ್ಚಿಮವಾಗಿ ಓಡುವ ಮಾರ್ಗದಲ್ಲಿ ದಕ್ಷಿಣದ ಗೇಟಿನ ಹೊರಗೆ ನಿಂತರೆ ದಿನದ ಬಹುಪಾಲು ಬೆಳಕು ನಿಮ್ಮ ಬೆನ್ನಿಗೆ, ರೈಲಿನ ಮುಖಕ್ಕೆ. ಮೊದಲೇ ನಕ್ಷೆ ನೋಡಿ ಯಾವ ಬದಿಯಿಂದ ನಡೆದು ಬರಬೇಕೆಂದು ಗೊತ್ತುಮಾಡಿಕೊಂಡರೆ ಹಳಿ ದಾಟುವ ಪ್ರಮೇಯವೇ ಬರುವುದಿಲ್ಲ. ಇದು ನಮ್ಮ ಅತ್ಯಂತ ಮೆಚ್ಚಿನ ಸಲಹೆ. ತಗ್ಗಿನ ಸೂರ್ಯ ಎದುರಿಗಿದ್ದರೆ ಬರುವ ರೈಲಿನ ದೀಪ ಕಣ್ಣಿಗೆ ಬೀಳುವುದಿಲ್ಲ ಎನ್ನುವುದನ್ನೂ ಮರೆಯಬೇಡಿ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೂ ಮೊದಲೇ ಮುಳುಗುತ್ತಾನೆ, ವಾಪಸು ಹೋಗುವಾಗ ಕತ್ತಲೆಯಲ್ಲಿ ದಾಟುವಂತಾಗದಿರಲಿ.

ಲೆನ್ಸ್ ಮುಚ್ಚಳ ಹಳಿ ಮೇಲೆ ಬಿತ್ತು. ಒಂದೇ ನಿಮಿಷದಲ್ಲಿ ಎತ್ತಿಕೊಂಡು ಬರಲಾ?

ಬೇಡ. ಮುಚ್ಚಳವಾದರೆ ಹೋಗಲಿ ಬಿಡಿ. ಫೋನು, ಕ್ಯಾಮೆರಾ ಆದರೆ ನೆಟ್‌ವರ್ಕ್ ರೈಲ್ ಸಹಾಯವಾಣಿ 03457 11 41 41ಕ್ಕೆ ಹೇಳಿ. ರೈಲಿಗೆ ಅಪಾಯ ತರುವಂಥದ್ದೇನಾದರೂ, ಅಂದರೆ ದನ, ಮರದ ಕೊಂಬೆ, ಟ್ರೈಪಾಡ್, ಹಳಿಯ ಮೇಲೆ ಮನುಷ್ಯ, ಕಂಡರೆ ತಡಮಾಡಬೇಡಿ. ಕ್ರಾಸಿಂಗಿನಲ್ಲಿ ಫೋನ್ ಇಟ್ಟಿದ್ದರೆ ಅದು ನೇರ ಸಿಗ್ನಲ್ ನಡೆಸುವವರಿಗೆ ಹೋಗುತ್ತದೆ. ಇಲ್ಲದಿದ್ದರೆ 999. ಯಾವ ಕ್ರಾಸಿಂಗ್ ಎಂದು ಕೇಳುತ್ತಾರೆ, ಗೇಟಿನ ಬಳಿ ಅದರ ಹೆಸರು ಬರೆದ ಫಲಕ ಇರುತ್ತದೆ. ಜಾಗಕ್ಕೆ ಬಂದ ಕೂಡಲೇ ಮೊದಲ ಚಿತ್ರವಾಗಿ ಆ ಫಲಕವನ್ನೇ ತೆಗೆದಿಟ್ಟುಕೊಳ್ಳಿ.

ಸ್ಟೀಮ್ ಎಂಜಿನ್ ಬರುವ ದಿನ ಜನಜಂಗುಳಿ ಇರುತ್ತೆ. ಎಲ್ಲರೂ ಒಳಗೆ ನಿಂತಿರುತ್ತಾರೆ, ನಾನೊಬ್ಬ ಹೊರಗೆ ನಿಂತು ಏನು ಮಾಡಲಿ?

2016ರ ಫೆಬ್ರವರಿಯಲ್ಲಿ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಹೆಸರಾಂತ ಸ್ಟೀಮ್ ಎಂಜಿನ್ ದುರಸ್ತಿಯಾಗಿ ಲಂಡನ್ನಿನಿಂದ ಯಾರ್ಕ್‌ಗೆ ಓಡಿದ ದಿನ ಹಳಿಯ ಮೇಲೆ ಜನ ಇಳಿದದ್ದರಿಂದ ರೈಲನ್ನೇ ನಿಲ್ಲಿಸಬೇಕಾಯಿತು. ಎಲ್ಲರೂ ‘ಅವರೂ ಒಳಗಿದ್ದಾರಲ್ಲ’ ಎಂದುಕೊಂಡವರೇ. ಗುಂಪಿನಲ್ಲಿ ಹಿಂದಿನವರು ನೂಕುತ್ತಾರೆ, ಮುಂದಿನವರಿಗೆ ಗೊತ್ತಾಗುವುದರೊಳಗೆ ಹಳಿಯ ಪಕ್ಕ ಬಂದಿರುತ್ತಾರೆ. ಎಲ್ಲರ ಕಣ್ಣೂ ಹೊಗೆ ಬರುವ ಕಡೆ ಇರುವಾಗ ಎದುರು ದಿಕ್ಕಿನ ಮಾಮೂಲಿ ರೈಲು ಯಾರಿಗೂ ಕಾಣುವುದಿಲ್ಲ.

ಅಂಥ ದಿನ ಕ್ರಾಸಿಂಗಿನ ಆಸೆ ಬಿಟ್ಟು ಬೇರೆ ಜಾಗ ಆರಿಸಿ. ಯಾರ್ಕ್‌ಷೈರಿನಲ್ಲಿ 24 ಕಮಾನುಗಳ ರಿಬಲ್‌ಹೆಡ್ ಸೇತುವೆಯ ಬುಡದಲ್ಲಿ ಕಾಲುದಾರಿಗಳಿವೆ. ಡೆವನ್‌ನಲ್ಲಿ ಡಾಲಿಷ್ ಮತ್ತು ಟೀನ್‌ಮತ್ ಬಳಿ ಕಡಲ ಗೋಡೆಯ ಮೇಲೆ ಹಳಿಯ ಪಕ್ಕದಲ್ಲೇ ನಡೆಯಬಹುದು, ಅಲೆಯ ಅಬ್ಬರ ಇಲ್ಲದ ಹೊತ್ತಿಗೆ ಹೋಗಿ.

ಡ್ರೋನ್ ಹಾರಿಸಿದ್ರೆ?

ಕಾಲುದಾರಿಯ ಹಕ್ಕು ಕಾಲಿಗೆ ಮಾತ್ರ. 2026ರ ಜನವರಿ 1ರಿಂದ 100 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೂಕದ ಕ್ಯಾಮೆರಾ ಡ್ರೋನ್‌ಗೆ ನೋಂದಣಿಯೂ ಹಾರಿಸುವವರಿಗೆ ಪರೀಕ್ಷೆಯೂ ಬೇಕು. ಇವೆರಡೂ ಇದ್ದರೂ ಹಳಿಯ ಮೇಲೆ, ತಂತಿಯ ಹತ್ತಿರ ಹಾರಿಸಬೇಡಿ. ಕೆಳಗೆ ಬಿದ್ದರೆ ಮಾರ್ಗವನ್ನೇ ನಿಲ್ಲಿಸಬೇಕಾಗುತ್ತದೆ.

## ಹಕ್ಕು, ಪೊಲೀಸ್, ದಂಡ

ಪೊಲೀಸ್ ಬಂದು ‘ಏನು ಮಾಡ್ತಿದೀರಿ’ ಅಂದ್ರೆ? ಫೋಟೊ ಅಳಿಸಿ ಅಂದ್ರೆ?

ಹೆಚ್ಚಿನ ಸಲ ಅದು ಬರೀ ಮಾತುಕತೆ. ಹಳಿಯ ಬಳಿ ಒಬ್ಬರೇ ಬಹಳ ಹೊತ್ತು ನಿಂತವರನ್ನು ಕಂಡರೆ ಅಲ್ಲಿನವರು ‘ಚೆನ್ನಾಗಿದ್ದೀರಾ’ ಎಂದು ಕೇಳುತ್ತಾರೆ, ಆತ್ಮಹತ್ಯೆಯ ಆತಂಕ ಅದರ ಹಿಂದಿರುತ್ತದೆ. ಕೋಪ ಮಾಡಿಕೊಳ್ಳಬೇಡಿ. ‘ರೈಲಿನ ಫೋಟೊ ತೆಗೀತಿದೀನಿ, ಗೇಟಿನ ಒಳಗೆ ಹೋಗಲ್ಲ’ ಎಂದರೆ ಮಾತು ಮುಗಿಯುತ್ತದೆ.

2000ದ ಭಯೋತ್ಪಾದನಾ ಕಾಯ್ದೆಯ 43ನೇ ವಿಧಿಯ ಪ್ರಕಾರ, ನೀವು ಭಯೋತ್ಪಾದಕರೆಂಬ ಸಕಾರಣ ಅನುಮಾನವಿದ್ದರೆ ಪೊಲೀಸರು ತಡೆದು ಶೋಧಿಸಬಹುದು, ಕ್ಯಾಮೆರಾದ ಚಿತ್ರಗಳನ್ನು ನೋಡಬಹುದು. ಬರೀ ರೈಲಿನ ಫೋಟೊ ತೆಗೆಯುವುದು ಅಂಥ ಕಾರಣವಲ್ಲ. ಅನುಮಾನವೇ ಬೇಡ ಎನ್ನುತ್ತಿದ್ದ ಹಳೆಯ 44ನೇ ವಿಧಿ ಮಾನವ ಹಕ್ಕುಗಳಿಗೆ ವಿರುದ್ಧವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಹೇಳಿತು, 2012ರಲ್ಲಿ ಅದನ್ನು ತೆಗೆದುಹಾಕಿದರು. ಸ್ಥಳದಲ್ಲೇ ಚಿತ್ರ ಅಳಿಸುವ, ಅಳಿಸಿಸುವ ಅಧಿಕಾರ ಪೊಲೀಸರಿಗಿಲ್ಲ. ತಡೆದು ಶೋಧಿಸಿದರೆ ಅದರ ಬರಹದ ದಾಖಲೆಯನ್ನು ಕೇಳಿ ಪಡೆಯಿರಿ.

ರೈಲ್ವೆ ಸಿಬ್ಬಂದಿ ‘ಇಲ್ಲಿ ಫೋಟೊ ನಿಷೇಧ’ ಅಂದ್ರೆ ಏನ್ಮಾಡೋದು?

ನೀವು ನಿಂತ ನೆಲ ಯಾರದ್ದು ಎಂಬುದೇ ಉತ್ತರ. ಗೇಟಿನ ಹೊರಗೆ ಸಾರ್ವಜನಿಕ ದಾರಿಯಲ್ಲಿದ್ದರೆ ಅವರು ಫೋಟೊ ತಡೆಯಲಾಗದು. ಗೇಟಿನ ಒಳಗಿದ್ದರೆ ವಾದ ಬೇಡ, ಹೊರಗೆ ಬನ್ನಿ. ಪಕ್ಕದ ಹೊಲಕ್ಕೆ ಕಾಲಿಟ್ಟಿದ್ದರೆ ಅಲ್ಲಿಯ ಯಜಮಾನ ರೈತ. ನಿಲ್ದಾಣಗಳಲ್ಲಿ ರೈಲ್ವೆಯವರ ಮಾತೇ ಕೊನೆ: ಸ್ವಂತಕ್ಕೆ ತೆಗೆಯುವುದಕ್ಕೆ ಸಾಮಾನ್ಯವಾಗಿ ತಕರಾರಿಲ್ಲ, ಹಳದಿ ಗೆರೆಯ ಹಿಂದಿರಬೇಕು, ಫ್ಲ್ಯಾಷ್ ಕೂಡದು.

ಸಿಕ್ಕಿಬಿದ್ರೆ ದಂಡ ಎಷ್ಟು? ಸ್ಟೂಡೆಂಟ್ ವೀಸಾಕ್ಕೆ ತೊಂದರೆ ಆಗುತ್ತಾ?

ಹಳಿಯ ಮೇಲೆ ಅತಿಕ್ರಮಣಕ್ಕೆ 1949ರ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಕಮಿಷನ್ ಕಾಯ್ದೆಯ 55ನೇ ವಿಧಿಯಂತೆ 1,000 ಪೌಂಡ್ ವರೆಗೆ ದಂಡ. ರೈಲಿನಲ್ಲಿರುವವರ ಜೀವಕ್ಕೆ ಅಪಾಯ ತಂದಿದ್ದರೆ ಬೇರೆ, ಗಂಭೀರ ಆರೋಪಗಳು ಬರುತ್ತವೆ. ನಮ್ಮವರು ಇದನ್ನು ಟ್ರಾಫಿಕ್ ದಂಡದಂತೆ ಕಟ್ಟಿ ಮರೆಯುವ ವಿಷಯ ಎಂದುಕೊಳ್ಳುತ್ತಾರೆ. ನ್ಯಾಯಾಲಯದಲ್ಲಿ ಶಿಕ್ಷೆಯಾದರೆ ಅದು ಅಪರಾಧದ ದಾಖಲೆ. ವೀಸಾ ಅರ್ಜಿಯಲ್ಲಿ ಶಿಕ್ಷೆ, ದಂಡಗಳ ಬಗ್ಗೆ ನೇರವಾಗಿ ಕೇಳುತ್ತಾರೆ, ಮುಚ್ಚಿಡುವುದು ಮೂಲ ತಪ್ಪಿಗಿಂತ ದೊಡ್ಡ ತಪ್ಪಾಗುತ್ತದೆ. ನೋಟಿಸು ಬಂದರೆ ಉತ್ತರಿಸುವ ಮೊದಲೇ ವಕೀಲರನ್ನು ಕಾಣಿ.

ದಾರಿಯಲ್ಲಿ ಎಷ್ಟು ಹೊತ್ತು ಬೇಕಾದ್ರೂ ನಿಲ್ಲಬಹುದಾ?

1900ರಲ್ಲಿ ಇಂಥದೇ ಪ್ರಶ್ನೆ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದಿತ್ತು. ರೇಸ್ ಕುದುರೆಗಳ ತಾಲೀಮನ್ನು ದುರ್ಬೀನಿನಲ್ಲಿ ನೋಡಿ ಬರೆದುಕೊಳ್ಳಲು ಒಬ್ಬಾತ ಸುಮಾರು 15 ಗಜ ದಾರಿಯಲ್ಲಿ ಒಂದೂವರೆ ಗಂಟೆ ಹಿಂದಕ್ಕೂ ಮುಂದಕ್ಕೂ ಓಡಾಡಿದ. ಹಿಕ್‌ಮನ್ ವಿರುದ್ಧ ಮೇಸಿ ಎಂಬ ಆ ಮೊಕದ್ದಮೆಯಲ್ಲಿ, ದಾರಿ ಇರುವುದು ಹೋಗಿಬರಲು, ಇದು ಜಮೀನಿನವನ ಮೇಲಿನ ಅತಿಕ್ರಮಣ ಎಂದು ತೀರ್ಪಾಯಿತು. ಕುದುರೆಯ ಜಾಗದಲ್ಲಿ ರೈಲನ್ನು ಇಟ್ಟರೆ ನಮ್ಮ ಕಥೆಯೇ. 1999ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಜೋನ್ಸ್ ಮೊಕದ್ದಮೆಯಲ್ಲಿ ಈ ನಿಲುವನ್ನು ಸಡಿಲಿಸಿತು: ಬೇರೆಯವರ ಓಡಾಟಕ್ಕೆ ಅಡ್ಡಿಯಾಗದ, ಸಮಂಜಸವಾದ ಯಾವ ಬಳಕೆಗೂ ಸಾರ್ವಜನಿಕ ದಾರಿ ಸಲ್ಲುತ್ತದೆ.

ಒಂದೆರಡು ರೈಲಿಗೆ ಕಾಯ್ದು ನಿಲ್ಲುವುದು ಸಮಂಜಸ. ಬೆಳಿಗ್ಗೆಯಿಂದ ಸಂಜೆ ತನಕ ಕುರ್ಚಿ, ಕೊಡೆ, ಬುತ್ತಿ ಹರಡಿಕೊಂಡು ಕೂತರೆ ಹಾಗೆನ್ನುವುದು ಕಷ್ಟ. ದಾರಿಗೆ ಅಡ್ಡಿಪಡಿಸಿದರೆ 1980ರ ಹೈವೇಸ್ ಕಾಯ್ದೆಯ 137ನೇ ವಿಧಿ ಬೇರೆ ಇದೆ. ಪಕ್ಕದ ಮನೆಯ ರೈತನಿಗೆ ಹೇಳಿ ಹೊಲದ ಮೂಲೆಯಲ್ಲಿ ನಿಂತರೆ ಯಾವ ವಿಧಿಯೂ ಬೇಕಾಗುವುದಿಲ್ಲ.

ಆ ಫೋಟೊ ಮಾರಬಹುದಾ?

ಸಾರ್ವಜನಿಕ ದಾರಿಯಿಂದ ತೆಗೆದದ್ದಾದರೆ ಹಕ್ಕುಸ್ವಾಮ್ಯ ನಿಮ್ಮದು, ಮಾರಬಹುದು. ನಿಲ್ದಾಣದೊಳಗೆ ವ್ಯಾಪಾರಕ್ಕಾಗಿ ತೆಗೆಯುವುದಾದರೆ ಮೊದಲೇ ಅನುಮತಿ ಬೇಕು. ಗೇಟಿನ ಒಳಗಿಂದ ತೆಗೆದ ಚಿತ್ರವನ್ನು ಎಲ್ಲಿಯೂ ಹಾಕಬೇಡಿ, ನಿಂತ ಜಾಗವನ್ನು ಚಿತ್ರವೇ ಹೇಳಿಬಿಡುತ್ತದೆ. ನೋಡಿದವರು ಅಲ್ಲಿಗೇ ಹೋಗುತ್ತಾರೆ ಎನ್ನುವುದು ಇನ್ನೂ ದೊಡ್ಡ ಕಾರಣ.

ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದ್ರೂ ನಡೆಯಬಹುದಂತೆ, ಹೌದಾ?

2003ರ ಭೂ ಸುಧಾರಣಾ ಕಾಯ್ದೆ ಗುಡ್ಡ, ಕಾಡು, ಹುಲ್ಲುಗಾವಲಿನ ಮೇಲೆ ವಿಶಾಲ ಹಕ್ಕು ಕೊಟ್ಟಿದೆ ನಿಜ. ಹಳಿಗೆ ಅದು ಅನ್ವಯಿಸುವುದಿಲ್ಲ. 21 ಕಮಾನುಗಳ ಗ್ಲೆನ್‌ಫಿನ್ನನ್ ಸೇತುವೆಗೆ ಮುಗಿಬೀಳುವವರು ಇದನ್ನು ಮರೆಯುತ್ತಾರೆ. ಅಲ್ಲಿಯ ಚಿತ್ರಗಳಿಗೆ ಬೇಕಾದ ಎತ್ತರ ಸೇತುವೆಯ ಎದುರಿನ ಗುಡ್ಡದ ಕಾಲುದಾರಿಯಲ್ಲೇ ಸಿಗುತ್ತದೆ.

ನಮ್ಮ ಮೆಚ್ಚಿನ ಕ್ರಾಸಿಂಗ್ ಮುಚ್ಚುತ್ತಾರಂತೆ. ಆಕ್ಷೇಪಣೆ ಹಾಕಬಹುದಾ?

ಹಾಕಬಹುದು, ಅದಕ್ಕೆ ಅಲ್ಲಿನ ನಾಗರಿಕರಾಗಿರಬೇಕೆಂದಿಲ್ಲ. ಹೈವೇಸ್ ಕಾಯ್ದೆಯ 118ಎ ವಿಧಿಯಂತೆ ದಾರಿಯನ್ನು ಪೂರ್ತಿ ರದ್ದು ಮಾಡಬಹುದು, 119ಎ ವಿಧಿಯಂತೆ ಬೇರೆಡೆಗೆ ತಿರುಗಿಸಬಹುದು. ಎರಡಕ್ಕೂ ಸ್ಥಳದಲ್ಲಿ ನೋಟಿಸು ಅಂಟಿಸಬೇಕು, ಆಕ್ಷೇಪಣೆಗೆ ಅವಧಿ ಕೊಡಬೇಕು. ಆಕ್ಷೇಪಣೆ ಬರೆಯುವಾಗ ‘ಫೋಟೊ ಚೆನ್ನಾಗಿ ಬರುತ್ತೆ’ ಎಂಬುದು ನಿಲ್ಲುವುದಿಲ್ಲ. ಬದಲಿ ದಾರಿ ಎಷ್ಟು ಉದ್ದ, ಅದು ವೇಗದ ರಸ್ತೆಯ ಅಂಚಿನಲ್ಲಿ ನಡೆಸುತ್ತದೆಯೇ, ಮುಚ್ಚುವ ಬದಲು ದೀಪ ಹಾಕಲು ಯಾಕೆ ಆಗದು, ಇಂಥವನ್ನು ಬರೆಯಿರಿ. ಸೇತುವೆ ಕಟ್ಟಿಕೊಡುತ್ತೇವೆ ಎಂದರೆ ಒಪ್ಪಿಕೊಳ್ಳಿ. ಸೇತುವೆಯ ಮೇಲಿನ ನೋಟ ಕ್ರಾಸಿಂಗಿಗಿಂತ ಚೆನ್ನ, ಕಾಯುವುದೂ ನೆಮ್ಮದಿ.

ರಜೆಗೆ ಊರಿಗೆ ಬಂದಾಗ ದೂಧ್‌ಸಾಗರ್, ಸಕಲೇಶಪುರ ಘಾಟಿನಲ್ಲಿ ತೆಗೆಯೋಣ ಅಂತ. ಅಲ್ಲಿ ನಿಯಮ ಹೇಗೆ?

ನಮ್ಮಲ್ಲಿ ಹಳಿಯ ಮೇಲೆ ನಡೆಯುವುದು ಎಷ್ಟು ರೂಢಿಯೆಂದರೆ ಅದು ಅಪರಾಧ ಎಂದೇ ಅನಿಸುವುದಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ವಿಧಿಯಂತೆ ಅತಿಕ್ರಮಣಕ್ಕೆ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಚ್ಚಿದ ಗೇಟು ತೆರೆದರೆ 160ನೇ ವಿಧಿ, ಶಿಕ್ಷೆ ಇನ್ನೂ ಕಠಿಣ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹಳಿಯ ಮೇಲೆ ನಡೆಯುತ್ತಿದ್ದ ಚಾರಣಕ್ಕೆ ಈಗ ಅವಕಾಶವಿಲ್ಲ. ಆ ಹಾದಿಯಲ್ಲಿ 57 ಸುರಂಗಗಳಿವೆ, ಒಳಗೆ ರೈಲು ಬಂದರೆ ಸರಿಯಲು ಜಾಗ ತೀರಾ ಕಡಿಮೆ. 2023ರ ಮಳೆಗಾಲದಲ್ಲಿ ದೂಧ್‌ಸಾಗರ್ ಬಳಿ ಇಳಿದು ಹಳಿಯ ಮೇಲೆ ನಡೆಯಬೇಡಿ ಎಂದು ನೈರುತ್ಯ ರೈಲ್ವೆ ಬಹಿರಂಗವಾಗಿ ಕೇಳಿಕೊಂಡಿತ್ತು.

ಎರಡೂ ಕಡೆ ರೈಲಿನೊಳಗಿಂದಲೇ ತೆಗೆಯುವುದು ಸರಿ. ಹಗಲು ಗಾಡಿಗೆ ಕಿಟಕಿ ಬದಿಯ ಸೀಟು ಮಾಡಿಸಿ. ಗಾಜಿನ ಹಿಂದಿನಿಂದ ತೆಗೆಯುವುದಾದರೆ ಲೆನ್ಸನ್ನು ಗಾಜಿಗೆ ತಾಗಿಸಿದಂತೆ ಹಿಡಿದು, ಸುತ್ತ ಕಪ್ಪು ಬಟ್ಟೆ ಒತ್ತಿಕೊಂಡರೆ ಒಳಗಿನ ದೀಪದ ಪ್ರತಿಬಿಂಬ ಬೀಳುವುದಿಲ್ಲ. ಬಾಗಿಲ ಮೆಟ್ಟಿಲಲ್ಲಿ ನಿಂತು ತೆಗೆದರೆ 156ನೇ ವಿಧಿಯಲ್ಲಿ 3 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ. ಸುರಂಗದ ಗೋಡೆ ಡಬ್ಬಿಯಿಂದ ಎಷ್ಟು ಹತ್ತಿರ ಎಂಬುದನ್ನು ಒಮ್ಮೆ ಕಿಟಕಿಯೊಳಗಿಂದ ನೋಡಿದವರು ಆ ಮೆಟ್ಟಿಲಿಗೆ ಹೋಗುವುದಿಲ್ಲ.